ರಜೆಗೆ ಬಂದ ಮಗಳು

ಬೇಸಗೆ ರಜೆ ಮುಗಿದು ಕಾಲೇಜು ತೆರೆದ ಮೊದಲ ವಾರ ಪದವಿ ತರಗತಿಯ ವಿದ್ಯಾರ್ಥಿಗಳಿಂದ ಒಂದು ಪುಟದ ಪ್ರಬಂಧ ಬರೆಸುವುದು ನಾನು ಅಧ್ಯಾಪಕಿಯಾಗಿದ್ದಷ್ಟು ಕಾಲವೂ ಪಾಲಿಸಿಕೊಂಡು ಬಂದ ಪದ್ಧತಿ. ವಿಷಯ ಒಂದೇ: ರಜೆಯಲ್ಲಿ ಕಳೆದ ಒಂದು ದಿನ. ಹುಡುಗರು ಪುಟ ತುಂಬ ಬರೆಯುತ್ತಿದ್ದರು. ಪತ್ತನಾಜೆಗೆ ಮುನ್ನ ನೋಡಿದ ಕೊನೆಯ ಬಯಲಾಟ, ಕೊಯ್ಲಾದ ಗದ್ದೆಯಲ್ಲಿ ಆಡಿದ ಕ್ರಿಕೆಟ್, ಗೆಳೆಯನ ಬೈಕಿನಲ್ಲಿ ಮಡಿಕೇರಿಯವರೆಗೆ ಹೋಗಿಬಂದ ಸಾಹಸ. ಹುಡುಗಿಯರ ಹಾಳೆಗಳು ಬೇಗ ಮುಗಿದುಬಿಡುತ್ತಿದ್ದವು. ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದುದು ಒಂದೇ ಮಾತು: ‘ಮನೆಯಲ್ಲೇ ಇದ್ದೆ, ವಿಶೇಷವೇನೂ ಇಲ್ಲ.’ ಬಹಳ ಕಾಲ ನಾನು ಇದನ್ನು ಅಭಿವ್ಯಕ್ತಿಯ ಕೊರತೆಯೆಂದು ತಿಳಿದು ಕೆಂಪು ಶಾಯಿಯಲ್ಲಿ ‘ವಿಸ್ತರಿಸಿ’ ಎಂದು ಷರಾ ಬರೆದುಕೊಟ್ಟಿದ್ದೇನೆ. ಆ ಷರಾ ನಿಜವಾಗಿ ಸಲ್ಲಬೇಕಾಗಿದ್ದುದು ಆ ಹುಡುಗಿಯರಿಗಲ್ಲ, ನಮ್ಮ ಕಥನ ಸಾಹಿತ್ಯಕ್ಕೆ ಎಂದು ಅರಿವಾಗಲು ಹಲವು ವರ್ಷಗಳೇ ಬೇಕಾದವು.

ಕನ್ನಡದ ಕಥೆ ಕಾದಂಬರಿಗಳಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಕೊರತೆಯಿಲ್ಲ. ಅವಳು ಬಸ್ಸು ಹತ್ತುತ್ತಾಳೆ, ಪುಸ್ತಕ ಎದೆಗವಚಿಕೊಂಡು ನಡೆಯುತ್ತಾಳೆ, ಒಬ್ಬನನ್ನು ಮೆಚ್ಚುತ್ತಾಳೆ, ಅವನನ್ನೋ ಬೇರೊಬ್ಬನನ್ನೋ ಮದುವೆಯಾಗುತ್ತಾಳೆ. ಆದರೆ ಒಂದು ಪರೀಕ್ಷೆಗೂ ಮುಂದಿನ ತರಗತಿಗೂ ನಡುವೆ ಅವಳು ತಂದೆತಾಯಿಯರ ಮನೆಯಲ್ಲಿ ಕಳೆಯುವ ಆರೆಂಟು ವಾರಗಳು ಕಥೆಯಲ್ಲಿ ‘ರಜೆ ಮುಗಿಯಿತು’ ಎಂಬ ಒಂದು ವಾಕ್ಯದಲ್ಲಿ ದಾಟಿಹೋಗುತ್ತವೆ. ವಿದ್ಯೆ ಅವಳನ್ನು ಏನು ಮಾಡಿದೆ ಎಂಬುದು ತಿಳಿಯುವುದು ಮಾತ್ರ ಆ ವಾರಗಳಲ್ಲಿಯೇ. ಕಾಲೇಜಿನಲ್ಲಿ ಅವಳು ತನ್ನ ಹೆಸರಿನಿಂದ ಕರೆಸಿಕೊಳ್ಳುವ ವ್ಯಕ್ತಿ. ಮನೆಯಲ್ಲಿ ಅವಳು ಮಗಳು, ಮೊಮ್ಮಗಳು, ಸೋದರಸೊಸೆ. ಈ ಎರಡರಲ್ಲಿ ಯಾವುದು ಯಾವುದರೊಳಗೆ ಎಷ್ಟು ಇಳಿಯಿತು ಎಂಬ ಲೆಕ್ಕ ನಡೆಯುವ ಕಾಲ ರಜೆ. ಈ ಲೆಕ್ಕವನ್ನು ನಮ್ಮ ಸಾಹಿತ್ಯ ಎಲ್ಲಿ ಮುಟ್ಟಿದೆ, ಎಲ್ಲಿ ಬಿಟ್ಟಿದೆ ಎಂದು ಕೆಲವು ಕೃತಿಗಳನ್ನು ಆಧರಿಸಿ ನೋಡುವುದು ಈ ಲೇಖನದ ಉದ್ದೇಶ.

ಆಧುನಿಕ ಕನ್ನಡ ಸಣ್ಣಕಥೆಯ ಹೊಸ್ತಿಲಲ್ಲಿಯೇ ಇಂಥ ಒಂದು ಮರಳುವಿಕೆಯಿದೆ. ಮಾಸ್ತಿಯವರ ಮೊದಲ ಕಥೆಗಳಲ್ಲಿ ಒಂದಾದ ‘ರಂಗನ ಮದುವೆ’ಯಲ್ಲಿ ಹೊಸಹಳ್ಳಿಯ ಶಾನುಭೋಗರ ಮಗ ಬೆಂಗಳೂರಿನಲ್ಲಿ ಓದಿ ಊರಿಗೆ ಬರುತ್ತಾನೆ. ಅವನನ್ನು ನೋಡಲು ಊರಿಗೆ ಊರೇ ಬಾಗಿಲಲ್ಲಿ ನೆರೆಯುತ್ತದೆ. ಮುದುಕಿಯೊಬ್ಬಳು ಅವನ ಎದೆಯ ಮೇಲೆ ಕೈಯಾಡಿಸಿ ಜನಿವಾರ ಇರುವುದನ್ನು ಖಚಿತ ಮಾಡಿಕೊಳ್ಳುತ್ತಾಳೆ. ಹುಡುಗ ಕೆಟ್ಟಿಲ್ಲವೆಂದು ಊರಿಗೆ ಸಮಾಧಾನವಾಗುತ್ತದೆ. ಅಷ್ಟಕ್ಕೆ ಅವನ ಪರೀಕ್ಷೆ ಮುಗಿಯಿತು. ಇದೇ ಕಥೆಯಲ್ಲಿ ಪಟ್ಟಣದಿಂದ ಬಂದ ಮತ್ತೊಂದು ಜೀವವೂ ಇದೆ. ತಂದೆತಾಯಿಯನ್ನು ಕಳೆದುಕೊಂಡು ಬಂಧುವಿನ ಮನೆ ಸೇರಿದ, ವೀಣೆ ಹಾರ್ಮೋನಿಯಂ ನುಡಿಸಬಲ್ಲ ಹನ್ನೊಂದು ವರ್ಷದ ರತ್ನ. ಅವಳನ್ನು ನೋಡಲು ಯಾವ ಬಾಗಿಲಲ್ಲೂ ಜನ ಸೇರುವುದಿಲ್ಲ. ರಂಗ ಒಳಗೆ ಬಂದಾಗ ಅವಳ ಹಾಡು ನಿಲ್ಲುತ್ತದೆ, ಅವಳು ತಲೆ ತಗ್ಗಿಸುತ್ತಾಳೆ. ಅವಳು ಪಟ್ಟಣದಲ್ಲಿ ಕಲಿತುಬಂದುದು ವಧುವಿನ ಯೋಗ್ಯತೆಗಳ ಪಟ್ಟಿಗೆ ಸೇರಿತೇ ಹೊರತು ಅವಳ ಸ್ವಂತ ಅನುಭವವಾಗಿ ಕಥೆಯೊಳಗೆ ಬರಲಿಲ್ಲ. ಇದು ಮಾಸ್ತಿಯವರ ಮೇಲಿನ ಆರೋಪವಲ್ಲ. ಕಥೆ ಹೇಳುವ ಶ್ಯಾಮನ ಹುಸಿನಗೆಯಲ್ಲಿ ಆ ಕಾಲದ ಮದುವೆಯ ರೀತಿಯನ್ನು ಕುರಿತ ಪರಿಹಾಸವೂ ಅಡಗಿದೆ. ಆದರೆ ಓದಿ ಮನೆಗೆ ಮರಳುವುದು ಗಂಡಿನ ಪಾಲಿಗೆ ಒಂದು ಘಟನೆ, ಹೆಣ್ಣಿನ ಪಾಲಿಗೆ ಒಂದು ವಿವರ ಎಂಬ ಹಂಚಿಕೆ ಅಲ್ಲಿಂದಲೇ ನಮ್ಮ ಕಥನಕ್ಕೆ ಅಭ್ಯಾಸವಾಯಿತೆನ್ನಬಹುದು.

ಅದಕ್ಕೂ ಹಿಂದೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ನಮ್ಮ ಕರಾವಳಿಯಿಂದಲೇ ಬಂದಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗುರುತಿಸಲ್ಪಡುವ ಇದರ ನಾಯಕಿ ಎಳೆಯ ವಯಸ್ಸಿನ ವಿಧವೆ. ಅವಳಿಗೆ ವಿದ್ಯೆ ದೊರೆಯುವುದು ತಂದೆತಾಯಿಯರ ಮನೆಯನ್ನು ತೊರೆದು ಅಮೃತರಾಯರ ಆಶ್ರಯಕ್ಕೆ ಬಂದ ಮೇಲೆ. ಅಂದರೆ ಇಲ್ಲಿ ಮನೆ ಮತ್ತು ಶಾಲೆ ಒಂದನ್ನೊಂದು ಹೊರದೂಡುವ ಎರಡು ಲೋಕಗಳು. ಮನೆಯಲ್ಲಿದ್ದರೆ ಓದಿಲ್ಲ, ಓದಬೇಕಾದರೆ ಆ ಮನೆಯಿಲ್ಲ. ಇಂದಿರಾಬಾಯಿಗೆ ರಜೆ ಎಂಬುದೇ ಸಾಧ್ಯವಿರಲಿಲ್ಲ, ಮರಳಲು ಮನೆಯಿದ್ದರಲ್ಲವೆ ರಜೆ? ಸುಧಾರಣೆಯ ಕಾದಂಬರಿಗೆ ಈ ಕಡಿದಾದ ಆಯ್ಕೆ ಅಗತ್ಯವಾಗಿತ್ತು. ಮುಂದಿನ ತಲೆಮಾರುಗಳ ಹೆಣ್ಣುಮಕ್ಕಳ ಪಾಡು ಬೇರೆ. ಅವರು ಮನೆಯನ್ನು ತೊರೆಯಲೂ ಇಲ್ಲ, ಅದರೊಳಗೆ ಮೊದಲಿನಂತೆ ಉಳಿಯಲೂ ಇಲ್ಲ. ವರ್ಷಕ್ಕೆ ಎರಡು ಮೂರು ಸಲ ಪೆಟ್ಟಿಗೆ ಹಿಡಿದು ಹೋಗುತ್ತ ಬರುತ್ತ ಇದ್ದರು. ಈ ಹೋಗಿಬರುವ ಹೆಣ್ಣಿಗೆ ‘ಇಂದಿರಾಬಾಯಿ’ಯ ಮಾದರಿ ಸಾಲುವುದಿಲ್ಲ.

ಮನೆಗೆ ಮರಳಿದ ಹೆಣ್ಣನ್ನು ಮನೆ ಹೇಗೆ ನೋಡುತ್ತದೆ ಎಂಬುದನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಕಂಡವರು ತ್ರಿವೇಣಿ. ‘ಶರಪಂಜರ’ದ ಕಾವೇರಿ ಕಾಲೇಜು ಹುಡುಗಿಯಲ್ಲ, ಗೃಹಿಣಿ. ಅವಳು ಮರಳುವುದು ಹಾಸ್ಟೆಲಿನಿಂದಲ್ಲ, ಮಾನಸಿಕ ಆಸ್ಪತ್ರೆಯಿಂದ. ಆದರೂ ನಮ್ಮ ವಿಷಯಕ್ಕೆ ಅದು ದೂರದ್ದಲ್ಲ. ಗುಣಮುಖಳಾಗಿ ಬಂದವಳ ನಗುವನ್ನು, ಮೌನವನ್ನು, ಸಣ್ಣ ಕೋಪವನ್ನು ಮನೆಯವರೆಲ್ಲ ಸಂಶಯದಿಂದ ಅಳೆಯುತ್ತಾರೆ. ಆ ನೋಟಗಳೇ ಬಾಣಗಳಾಗಿ ಅವಳ ಸುತ್ತ ಪಂಜರವಾಗುತ್ತವೆ, ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವನ್ನು ಕಂಡವರಿಗೆ ಈ ಕಥೆಯ ನೆನಪು ಹೇಳಬೇಕಾಗಿಲ್ಲ. ನಾನು ಇಲ್ಲಿ ಎತ್ತಿಹೇಳಬಯಸುವುದು ಒಂದೇ ಸಂಗತಿ: ಹೊರಗೆ ಹೋಗಿ ಬದಲಾಗಿ ಬಂದ ಹೆಣ್ಣಿನ ಸಹಜ ವರ್ತನೆಯೂ ಮನೆಯ ಕಣ್ಣಿಗೆ ಲಕ್ಷಣವಾಗಿ ಕಾಣುತ್ತದೆ. ಓದಿ ಬಂದ ಮಗಳು ತಡವಾಗಿ ಎದ್ದರೆ ‘ಹಾಸ್ಟೆಲಿನ ಅಭ್ಯಾಸ’, ಮಾತಾಡಿದರೆ ‘ಕಾಲೇಜಿನ ಮಾತು’, ಸುಮ್ಮನಿದ್ದರೆ ‘ಏನೋ ಇದೆ’. ಈ ಮೂರೂ ವ್ಯಾಖ್ಯಾನಗಳನ್ನು ಕೇಳದೆ ರಜೆ ಕಳೆದ ಮಗಳು ನಮ್ಮ ಕಡೆ ಅಪರೂಪ. ಮಂಗಳೂರಿನ ಹಾಸ್ಟೆಲಿನಿಂದ ಬರುತ್ತಿದ್ದ ನಾನೂ ಕೇಳಿದವಳೇ.

ಕಾಸರಗೋಡಿನ ಓದುಗರಿಗೆ ಇಲ್ಲಿ ಸಾರಾ ಅಬೂಬಕ್ಕರ್ ನೆನಪಾಗದೆ ಇರಲಾರರು. 1936ರಲ್ಲಿ ಈ ಮಣ್ಣಿನಲ್ಲಿ ಹುಟ್ಟಿ, ಮುಸ್ಲಿಂ ಹೆಣ್ಣುಮಕ್ಕಳು ಶಾಲೆ ಕಾಣುವುದೇ ವಿರಳವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರು ಅವರು. ಪ್ರೌಢಶಾಲೆಯ ಬಳಿಕ ಅವರಿಗೆ ಒದಗಿದ್ದು ಕಾಲೇಜಲ್ಲ, ಮದುವೆ. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ 1984ರಲ್ಲಿ ಪುಸ್ತಕವಾದಾಗ ಅವರ ವಯಸ್ಸು ನಲವತ್ತೆಂಟರ ಹತ್ತಿರ. ಶಾಲೆಯ ಕೊನೆಯ ದಿನದಿಂದ ಮೊದಲ ಕಾದಂಬರಿಯವರೆಗಿನ ಆ ದೀರ್ಘ ಅಂತರವನ್ನು ಮುಗಿಯದ ರಜೆಯೆಂದೇ ಕರೆಯಬಹುದೇನೋ. ಅವರ ಆತ್ಮಕಥೆಗೆ ‘ಹೊತ್ತು ಕಂತುವ ಮುನ್ನ’ ಎಂಬ ಹೆಸರಿದೆ. ತಡವಾಗಿ ಆರಂಭಿಸಿದವರ ಆತುರವೂ ಸಂಕಲ್ಪವೂ ಆ ಹೆಸರಿನಲ್ಲಿ ಕೇಳಿಸುತ್ತವೆ.

‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ತಲಾಖಿನ ಕಥೆಯೆಂದು ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ಅದನ್ನು ತವರುಮನೆಯ ಕಥೆಯಾಗಿಯೂ ಓದಬೇಕು. ಗಂಡ ರಶೀದನೊಂದಿಗೆ ನೆಮ್ಮದಿಯಿಂದಿದ್ದ ನಾದಿರಾ ತವರಿಗೆ ಬಂದಾಗ ತಂದೆ ಮಹಮ್ಮದ್ ಖಾನ್ ಅವಳನ್ನು ಮರಳಿ ಕಳಿಸುವುದಿಲ್ಲ. ಅಳಿಯನ ಮೇಲಿನ ಅವನ ಹಣದ ಮುನಿಸಿಗೆ ಮಗಳ ಬಾಳು ಬಲಿಯಾಗುತ್ತದೆ. ಕೊನೆಗೆ ಮಸೀದಿಯ ಕೆರೆಯಲ್ಲಿ ಅವಳ ಅಂತ್ಯ. ಬಂದುಹೋಗಲೆಂದು ಬಂದವಳು ಹೋಗಲಾಗದೆ ಉಳಿಯುವುದು ಈ ಕಾದಂಬರಿಯ ನಿಜವಾದ ಭಯ. ಹೊರಗಿನವರಿಂದಾದ ಅನ್ಯಾಯಕ್ಕಿಂತ ಹೆಚ್ಚು ನೋಯಿಸುವುದು ಇದು ಹುಟ್ಟಿದ ಮನೆಯಲ್ಲಿಯೇ, ಊಟ ಬಡಿಸುವ ಕೈಗಳ ನಡುವೆಯೇ ನಡೆಯುತ್ತದೆ ಎಂಬುದು. ತಾಯಿ ಫಾತಿಮಾ ಎಲ್ಲವನ್ನೂ ಬಲ್ಲಳು, ಏನನ್ನೂ ತಡೆಯಲಾರಳು. ಕಾಲೇಜಿನಿಂದ ರಜೆಗೆ ಬಂದು, ‘ಒಳ್ಳೆಯ ಸಂಬಂಧ’ ಕೂಡಿಬಂತೆಂದು ಕೊನೆಯ ವರ್ಷದ ಪರೀಕ್ಷೆಗೆ ಮರಳದೆ ಹೋದ ವಿದ್ಯಾರ್ಥಿನಿಯರನ್ನು ಕಂಡವರು ನಾದಿರಾಳ ಕಥೆಯನ್ನು ಕೇವಲ ಒಂದು ಸಮುದಾಯದ ಕಥೆಯೆಂದು ತಳ್ಳಿಹಾಕಲಾರರು. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕದಲ್ಲಿ ಖಾಲಿ ಬೀಳುತ್ತಿದ್ದ ಸಾಲುಗಳು ಎಲ್ಲ ಸಮುದಾಯಗಳವೂ ಆಗಿದ್ದವು.

ಇಷ್ಟಾದರೂ ರಜೆಯ ದಿನವೊಂದನ್ನು ಬೆಳಗಿನಿಂದ ಸಂಜೆಯವರೆಗೆ ಹಿಂಬಾಲಿಸಿದ ಬರವಣಿಗೆ ಇವುಗಳಲ್ಲಿ ಇಲ್ಲ. ಅದು ಸಾಧ್ಯವೇ, ಏನೂ ನಡೆಯದ ದಿನಗಳಿಂದ ಕಥೆಯಾದೀತೇ ಎಂಬ ಪ್ರಶ್ನೆಗೆ ಹೊರಗಿನ ಒಂದು ಕಾದಂಬರಿಯ ಉತ್ತರವನ್ನು ನೋಡಬಹುದು. ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ ಬರೆದ ‘ದಿ ಬೆಲ್ ಜಾರ್’ 1963ರ ಜನವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಲ್ಯೂಕಸ್ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಮರುತಿಂಗಳೇ ಆಕೆ ತೀರಿಕೊಂಡಳು. ಅದೇ ವರ್ಷದ ಜುಲೈಯಲ್ಲಿ ನಾವು ತ್ರಿವೇಣಿಯವರನ್ನು ಕಳೆದುಕೊಂಡೆವು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು. ಆದರೆ ಒಬ್ಬಳು ಮನಸ್ಸು ಕದಡಿದ ಹೆಣ್ಣಿನ ಕಥೆಗೆ ಗಾಳಿಯಾಡದ ಗಾಜಿನ ಪಾತ್ರೆಯ ಹೆಸರಿಟ್ಟರೆ, ಇನ್ನೊಬ್ಬರು ಬಾಣಗಳ ಪಂಜರದ ಹೆಸರಿಟ್ಟರು. ಒಂದರಲ್ಲಿ ಸುತ್ತಲಿನವರೆಲ್ಲ ಕಾಣುತ್ತಾರೆ, ಯಾರೂ ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಸುತ್ತಲಿನವರೇ ಚುಚ್ಚುತ್ತಾರೆ.

‘ದಿ ಬೆಲ್ ಜಾರ್’ನ ನಾಯಕಿ ಎಸ್ತರ್ ವಿದ್ಯಾರ್ಥಿವೇತನ ಪಡೆದು ಓದುವ ಜಾಣೆ. 1953ರ ಬೇಸಗೆಯಲ್ಲಿ ಒಂದು ತಿಂಗಳು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸಮಾಡಿ, ಬಾಸ್ಟನ್ ನಗರದ ಹೊರವಲಯದ ಮನೆಗೆ ಬರುತ್ತಾಳೆ. ತಾನು ನೆಚ್ಚಿಕೊಂಡಿದ್ದ ಬೇಸಗೆಯ ಲೇಖನ ತರಗತಿಗೆ ಪ್ರವೇಶ ದೊರೆಯಲಿಲ್ಲವೆಂದು ತಾಯಿ ದಾರಿಯಲ್ಲಿಯೇ ತಿಳಿಸುತ್ತಾಳೆ. ಅಲ್ಲಿಂದ ಮುಂದೆ ದೊಡ್ಡ ಘಟನೆಯೆಂಬುದು ಕೆಲವು ಅಧ್ಯಾಯಗಳವರೆಗೆ ಇಲ್ಲ. ಅವಳು ಕಾದಂಬರಿ ಬರೆಯಲು ಕುಳಿತು ಕೆಲವೇ ಸಾಲುಗಳಿಗೆ ನಿಲ್ಲುತ್ತಾಳೆ. ತಾಯಿ ಶೀಘ್ರಲಿಪಿ ಕಲಿಸಹೊರಡುತ್ತಾಳೆ, ಅದು ಹತ್ತುವುದಿಲ್ಲ. ಅದೇ ಬೀದಿಯ, ಆರು ಮಕ್ಕಳ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಕಿಟಕಿಯ ಕೆಳಗೆ ಅತ್ತಿತ್ತ ನಡೆಯುವುದನ್ನು ಅವಳು ನೆಲದಲ್ಲಿ ತೆವಳಿ ಹೋಗಿ ಕದ್ದು ನೋಡುತ್ತಾಳೆ. ಬಟ್ಟೆ ಒಗೆಯುವುದು, ತಲೆ ತೊಳೆಯುವುದು ನಿಲ್ಲುತ್ತದೆ, ನಿದ್ದೆ ಹೋಗುತ್ತದೆ, ಪುಸ್ತಕದ ಅಕ್ಷರಗಳು ಕಣ್ಣೆದುರು ಜಾರುತ್ತವೆ. ಹೀಗೆ ಸಣ್ಣ ಸಣ್ಣ ಸಂಗತಿಗಳಲ್ಲಿಯೇ ಒಂದು ಬಾಳು ಬಿರುಕು ಬಿಡುವುದನ್ನು ಪ್ಲಾತ್ ತೋರಿಸುತ್ತಾಳೆ. ನೋಟ ಎಷ್ಟು ಹತ್ತಿರದ್ದೆಂದರೆ, ಕಿಟಕಿಯ ಕೆಳಗಿನ ಗಾಡಿಯ ಸದ್ದೇ ಅಲ್ಲಿ ಘಟನೆಯಾಗುತ್ತದೆ.

ಆದರೆ ಎಸ್ತರಳ ರಜೆಯನ್ನು ಎತ್ತಿ ತಂದು ನಮ್ಮ ಅಂಗಳದಲ್ಲಿ ಇಡುವಂತಿಲ್ಲ. ಅವಳದು ಯಾರೂ ಕರೆಯದ ಮನೆ. ನಮ್ಮದು ಕ್ಷಣಕ್ಕೊಮ್ಮೆ ಕರೆಯುವ ಮನೆ. ಅವಳಿಗೆ ಸಮಯ ಕೊಳೆಯುವಷ್ಟಿತ್ತು. ನಮ್ಮ ಹುಡುಗಿಗೆ ಪುಸ್ತಕದ ಅದೇ ಪುಟವನ್ನು ಮೂರನೆಯ ಸಲ ಓದತೊಡಗಿದಾಗ ಅಡುಗೆಮನೆಯಿಂದ ಕೂಗು ಕೇಳುತ್ತದೆ. ಏಪ್ರಿಲ್ ಮೇ ತಿಂಗಳುಗಳೆಂದರೆ ಈ ಕಡೆ ಹಲಸಿನ ಸೊಳೆ ಬಿಡಿಸಿ ಹಪ್ಪಳ ಮಾಡುವ, ಸಂಡಿಗೆ ಒಣಗಿಸುವ, ಮಿಡಿ ಉಪ್ಪಿಗೆ ಹಾಕುವ, ಅಡಿಕೆ ಸುಲಿಯುವ ಕಾಲ. ರಜೆಗೆ ಬಂದವಳು ಮಳೆಗಾಲದ ಸಿದ್ಧತೆಗೆ ಒದಗಿದ ಎರಡು ಕೈಗಳು. ಹಪ್ಪಳ ಕಾಯಲು ಅಂಗಳದ ಬದಿಯಲ್ಲಿ ಕುಳಿತವಳ ಮಡಿಲಲ್ಲಿ ಅರ್ಥಶಾಸ್ತ್ರದ ಪುಸ್ತಕ, ಕೈಯಲ್ಲಿ ಕಾಗೆ ಓಡಿಸುವ ಕೋಲು. ಇದನ್ನು ಶೋಷಣೆಯೆಂದು ಒಂದೇ ಮಾತಿನಲ್ಲಿ ಮುಗಿಸುವುದೂ ತಪ್ಪು, ಸಂಸ್ಕೃತಿಯೆಂದು ಕೊಂಡಾಡುವುದೂ ತಪ್ಪು. ಹಪ್ಪಳದ ಸುತ್ತ ಕುಳಿತಾಗಲೇ ದೊಡ್ಡಮ್ಮ ಚಿಕ್ಕಮ್ಮಂದಿರ ಬಾಯಿಂದ ಮನೆತನದ ನಿಜವಾದ ಚರಿತ್ರೆ ಹೊರಬರುವುದು. ಅಲ್ಲಿಯೇ ‘ಇನ್ನೆಷ್ಟು ಓದು?’ ಎಂಬ ಪ್ರಶ್ನೆಯೂ ಬರುವುದು. ಅಣ್ಣನೂ ರಜೆಗೆ ಬಂದಿದ್ದಾನೆ, ಅವನಿಗೆ ಈ ಪ್ರಶ್ನೆಯಿಲ್ಲ. ಅವನಿಗೆ ‘ಮುಂದೇನು ಓದುತ್ತಿ?’ ಎಂಬ ಪ್ರಶ್ನೆಯಿದೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಒಂದು ಕಾದಂಬರಿಗೆ ಸಾಕು.

ಹೀಗೆ ಗುಂಪಿನ ನಡುವೆ ಒಬ್ಬಳಾಗಿರುವ ಅನುಭವಕ್ಕೆ ಭಾಷೆ ಬೇಕು. ಇಲ್ಲಿ ವೈದೇಹಿಯವರು ತೆರೆದ ದಾರಿ ನೆನಪಾಗುತ್ತದೆ. ಕುಂದಾಪುರದ ಮನೆಮಾತನ್ನು, ಹಿತ್ತಿಲಿನ ಪಿಸುಮಾತನ್ನು ಅವರು ಕಥೆಯ ಮುಖ್ಯ ಬಾಗಿಲಿನಿಂದ ಒಳಗೆ ಕರೆತಂದರು. ‘ಅಕ್ಕು’ ಕಥೆಯಲ್ಲಿ ಎಲ್ಲರೂ ಹುಚ್ಚಿಯೆಂದು ನಗುವ ಹೆಂಗಸಿನ ಮಾತೇ ಮನೆಯವರ ಸಭ್ಯತೆಯನ್ನು ಬಯಲು ಮಾಡುತ್ತದೆ. ಪುಸ್ತಕದ ಕನ್ನಡದಲ್ಲಿ ಆ ಕಥೆ ಹುಟ್ಟುತ್ತಿರಲಿಲ್ಲ. ನಮ್ಮ ಗಡಿನಾಡಿನ ಮಗಳ ಸಮಸ್ಯೆ ಇದಕ್ಕಿಂತ ಒಂದು ಸುತ್ತು ಹೆಚ್ಚು. 1956ರ ನವೆಂಬರ್ 1ರ ಬಳಿಕ ಮಂಗಳೂರಿನಲ್ಲಿ ಓದುವ ಕಾಸರಗೋಡಿನ ಹುಡುಗಿ ರಜೆಗೆ ಮನೆಗೆ ಬರುವುದೆಂದರೆ ತಲಪಾಡಿಯಲ್ಲಿ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಬರುವುದು. ಮನೆಯೊಳಗೆ ಹವ್ಯಕವೋ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಕಚೇರಿಯಿಂದ ಬಂದ ಕಾಗದ ಮಲಯಾಳದಲ್ಲಿ. ತಮ್ಮನ ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಎಲ್ಲಿದೆ? ಅವಳ ಓದಿನಲ್ಲಿದೆ. ಒಂದು ಕಾಲದಲ್ಲಿ ಮನೆಯೇ ಮಗಳಿಗೆ ಕನ್ನಡ ಕಲಿಸುತ್ತಿತ್ತು. ಇಂದು ಎಷ್ಟೋ ಮನೆಗಳಲ್ಲಿ ರಜೆಗೆ ಬಂದ ಮಗಳೇ ಮನೆಗೆ ಕನ್ನಡವನ್ನು ಮರಳಿ ತರುತ್ತಿದ್ದಾಳೆ. ಭಾಷೆಯ ಉಳಿವನ್ನು ಕುರಿತ ನಮ್ಮ ಭಾಷಣಗಳಲ್ಲಿ ಶಾಲೆಯಿದೆ, ಸರಕಾರವಿದೆ, ಹೋರಾಟವಿದೆ. ಈ ಹುಡುಗಿಯಿಲ್ಲ.

ನಿವೃತ್ತಿಗೆ ಮುಂಚಿನ ವರ್ಷ ‘ವಿಶೇಷವೇನೂ ಇಲ್ಲ’ ಎಂದು ಬರೆದಿದ್ದ ಒಬ್ಬಳನ್ನು ತರಗತಿ ಮುಗಿದ ಮೇಲೆ ಕೂರಿಸಿ ಕೇಳಿದೆ, ‘ಬೆಳಿಗ್ಗೆ ಎದ್ದು ಏನು ಮಾಡುತ್ತಿ?’ ಅವಳು ಹೇಳುತ್ತ ಹೋದಳು. ದನದ ಕೆಲಸ, ತಿಂಡಿ, ತಮ್ಮನ ಪಾಠ. ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿಗೆ ವಾರಪತ್ರಿಕೆ ಓದಿಹೇಳುವುದು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಮನೆಯಲ್ಲಿ ಕನ್ನಡವನ್ನು ಸರಾಗವಾಗಿ ಓದಬಲ್ಲವಳು ಈಗ ಇವಳೊಬ್ಬಳೇ. ಇವಳು ಹಾಸ್ಟೆಲಿಗೆ ಹೋದ ಮೇಲೆ ಬಂದ ಸಂಚಿಕೆಗಳನ್ನು ಅಜ್ಜಿ ಒಂದರ ಮೇಲೊಂದು ಜೋಡಿಸಿಟ್ಟು ಕಾಯುತ್ತಾರಂತೆ. ಧಾರಾವಾಹಿಯಲ್ಲಿ ಗಂಡನ ಮನೆ ಬಿಟ್ಟುಬಂದ ಸೊಸೆಯ ಮಾತುಗಳು ಬಂದಾಗ, ಒಳಗೆ ಅಪ್ಪ ಇದ್ದರೆ ಇವಳು ನಾಲ್ಕು ಸಾಲು ಹಾರಿಸಿ ಓದುತ್ತಾಳೆ. ಅಜ್ಜಿಗೆ ಅದು ಹೇಗೋ ತಿಳಿಯುತ್ತದೆ. ದನಿ ತಗ್ಗಿಸಿ ಕೇಳುತ್ತಾರೆ, ‘ಮಗಾ, ನಡುವೆ ಸ್ವಲ್ಪ ಬಿಟ್ಟೆ ಅಲ್ಲವಾ? ಅದನ್ನು ಓದು.’ ‘ಇದನ್ನೇಕೆ ಬರೆಯಲಿಲ್ಲ?’ ಎಂದರೆ, ‘ಇದರಲ್ಲಿ ಬರೆಯುವಂಥದ್ದು ಏನಿದೆ ಟೀಚರ್?’ ಎಂದು ಅವಳು ನಕ್ಕಳು.

ಅವಳ ನಗುವಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬರೆಯುವಂಥದ್ದು ಯಾವುದು ಎಂಬುದನ್ನು ಅವಳು ಕಲಿತದ್ದು ನಾವು ಪಠ್ಯವಾಗಿಟ್ಟ ಪುಸ್ತಕಗಳಿಂದ, ನಾವು ಹೊಗಳಿದ ಕಥೆಗಳಿಂದ. ಆ ಕಥೆಗಳಲ್ಲಿ ಅವಳ ಮಧ್ಯಾಹ್ನ ಇರಲಿಲ್ಲ. ನಡುವೆ ಬಿಟ್ಟುದನ್ನು ಕೇಳುವ ಆ ಅಜ್ಜಿ ನನಗಿಂತ ಒಳ್ಳೆಯ ವಿಮರ್ಶಕಿ. ಇಂದಿರಾಬಾಯಿಯ ತ್ಯಾಗ, ಕಾವೇರಿಯ ನೋವು, ನಾದಿರಾಳ ಅಂತ್ಯ ನಮ್ಮ ಸಾಹಿತ್ಯದ ದೊಡ್ಡ ಸಂಪತ್ತು. ಅವುಗಳ ನಡುವೆ ಬಿಟ್ಟುಹೋದ ಸಾಲುಗಳನ್ನು ತುಂಬಬೇಕಾದವರು ಹೋಗಿಬರುವ ಈ ಹೆಣ್ಣುಮಕ್ಕಳೇ.

ಆದುದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ನಮ್ಮ ಕಾಲೇಜು ವಿದ್ಯಾರ್ಥಿನಿಯರಿಗೆ ಮೀಸಲಿಡಬೇಕು. ವಿಷಯ ಒಂದೇ ಇರಲಿ: ರಜೆಯಲ್ಲಿ ಕಳೆದ ಒಂದು ದಿನ. ಮನೆಮಾತಿನಲ್ಲಿ ಬಂದರೆ ಹಾಗೆಯೇ ಇರಲಿ, ತಿದ್ದುವುದು ಬೇಡ. ‘ವಿಶೇಷವೇನೂ ಇಲ್ಲ’ ಎಂದು ಯಾರಾದರೂ ಒಂದೇ ಸಾಲು ಬರೆದು ಕಳಿಸಿದರೆ ಅವಳ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ನಡುವೆ ಬಿಟ್ಟದ್ದೇನೆಂದು ಕೇಳಿ ಬರೆದುಕೊಂಡು ಬರುವ ಕೆಲಸವನ್ನು ನನಗೆ ಒಪ್ಪಿಸಿ.